ಕರೀಂ ಖಾನನಿಗೆ ಕಿರೀಟ

ಊರಿನ ಹೆಸರು ಹೇಳುವುದಿಲ್ಲ. ಸೊರಬದಿಂದ ಜಡೆಗೆ ಹೋಗುವ ಬಸ್ಸು ಅಲ್ಲಿ ಎರಡು ನಿಮಿಷ ನಿಲ್ಲುತ್ತದೆ, ಅಷ್ಟು ತಿಳಿದಿದ್ದರೆ ಸಾಕು. ಹೆಸರು ಹೇಳಿದರೆ ಮಹೇಶ್ವರಪ್ಪ ನನ್ನ ಮೇಲೆ ಕೇಸು ಹಾಕಿಸುತ್ತಾನೆ, ಮಾರನೇ ದಿನ ಸಂತೆಯಲ್ಲಿ ಸಿಕ್ಕಿ ಅದೇ ಬಾಯಲ್ಲಿ ‘ಮೇಡಂ, ಆರೋಗ್ಯನಾ?’ ಎಂದು ಕೇಳುತ್ತಾನೆ. ಅವನೂ ನನ್ನ ವಿದ್ಯಾರ್ಥಿಯೇ. ಆ ಊರಿನ ಹೈಸ್ಕೂಲಿನಲ್ಲಿ ನಾನು ಮೂವತ್ತಮೂರು ವರ್ಷ ಇತಿಹಾಸ ಪಾಠ ಮಾಡಿದ್ದೇನೆ. ರಾಧಮ್ಮ ಮೇಡಂ ಅಂದರೆ ಸಿಟ್ಟಿನ ಮೇಡಂ ಎಂದು ಮಕ್ಕಳು ಹೆಸರಿಟ್ಟಿದ್ದರು. ತಪ್ಪೇನಿಲ್ಲ, ನನಗೆ ಸಿಟ್ಟು ಬರುತ್ತದೆ. ಬರಬೇಕಾದ ಹೊತ್ತಿಗೆ ಬರುವುದಿಲ್ಲ ಎಂಬುದೇ ನನ್ನ ರೋಗ.

ನಿವೃತ್ತಳಾದ ಮೇಲೆ ಒಂದು ನಾಟಕ ಬರೆದೆ. ಇರಾನಿನ ಝಂದ್ ವಂಶದ ಕರೀಂ ಖಾನನನ್ನು ಕುರಿತದ್ದು. ಯಾರವನು ಎಂದು ಕೇಳಬೇಡಿ, ಎಲ್ಲರೂ ಕೇಳಿದ್ದಾರೆ. ದಿಲ್ಲಿಯನ್ನು ಲೂಟಿ ಮಾಡಿ ನವಿಲು ಸಿಂಹಾಸನ ಹೊತ್ತುಕೊಂಡು ಹೋದ ನಾದಿರ್ ಷಾ ನಮ್ಮ ಪಠ್ಯಪುಸ್ತಕದಲ್ಲಿದ್ದಾನೆ. ಲೂಟಿ ಮಾಡಿದವನಿಗೆ ಅರ್ಧ ಪುಟ, ಕರೀಂ ಖಾನನಿಗೆ ಒಂದು ಸಾಲೂ ಇಲ್ಲ. ಮೂವತ್ತಮೂರು ವರ್ಷ ಆ ಅರ್ಧ ಪುಟವನ್ನು ಪಾಠ ಮಾಡಿ ಮಾಡಿ ನನಗೆ ಹೊಟ್ಟೆ ಉರಿದುಹೋಗಿತ್ತು.

ಝಂದರು ಬೆಟ್ಟದ ಮೇಲೆ ಕುರಿ ಮೇಯಿಸಿಕೊಂಡಿದ್ದ ಬುಡಕಟ್ಟು. ನಾದಿರ್ ಷಾ ಅವರನ್ನು ಬೇರುಸಹಿತ ಕಿತ್ತು ದೇಶದ ಇನ್ನೊಂದು ಮೂಲೆಗೆ ಅಟ್ಟಿದ. ಅವನು ಸತ್ತ ಮೇಲೆ ಹೆಂಗಸರು ಮಕ್ಕಳು ಕುರಿಗಳೊಂದಿಗೆ ಅವರು ತಮ್ಮ ಬೆಟ್ಟಕ್ಕೆ ವಾಪಸು ಬಂದರು. ಅವರ ಮುಖಂಡನಾದ ಕರೀಂ ಖಾನನ ಕೈಗೆ ಕೆಲವೇ ವರ್ಷಗಳಲ್ಲಿ ಹೆಚ್ಚುಕಡಿಮೆ ಇಡೀ ಇರಾನ್ ಬಂತು. ಇಲ್ಲಿ ನಮ್ಮ ಕೆಳದಿ ಸಂಸ್ಥಾನ ಹೈದರಾಲಿಯ ಪಾಲಾದದ್ದೂ ಅದೇ ಕಾಲ. ಎಲ್ಲರೂ ಕರೀಂ ಖಾನನಿಗೆ ‘ಷಾ ಆಗು, ಕಿರೀಟ ಇಟ್ಟುಕೋ’ ಎಂದರು. ಅವನು ಬೇಡವೆಂದ. ಹಳೆಯ ರಾಜವಂಶದ ಒಬ್ಬ ಹುಡುಗನಿಗೆ ಷಾ ಎಂಬ ಹೆಸರು ಕೊಟ್ಟು ಒಂದು ಕೋಟೆಯಲ್ಲಿ ಕೂರಿಸಿ, ತಾನು ಪ್ರಜೆಗಳ ಪ್ರತಿನಿಧಿ ಎಂದಷ್ಟೇ ಕರೆಸಿಕೊಂಡ. ದೇವರೇನಲ್ಲ, ಯುದ್ಧ ಮಾಡಿದ, ತಲೆಗಳನ್ನೂ ತೆಗೆಸಿದ. ಆದರೆ ಅವನು ಬದುಕಿರುವ ತನಕ ಶಿರಾಜ್ ನಗರದ ಜನ ನೆಮ್ಮದಿಯಿಂದ ಮಲಗಿದರು. ಅವನ ನಂತರ ತಮ್ಮಂದಿರು, ಅಣ್ಣತಮ್ಮಂದಿರ ಮಕ್ಕಳು ಒಬ್ಬರನ್ನೊಬ್ಬರು ಕೊಂದುಕೊಂಡು ಹದಿನೈದೇ ವರ್ಷಕ್ಕೆ ವಂಶವೇ ಮುಗಿಯಿತು. ಆಮೇಲೆ ಬಂದ ರಾಜ ಕರೀಂ ಖಾನನ ಗೋರಿ ಅಗೆಸಿ, ಮೂಳೆಗಳನ್ನು ತಂದು, ದಿನವೂ ತುಳಿಯಲೆಂದು ತನ್ನ ಅರಮನೆಯ ಹೊಸ್ತಿಲ ಕೆಳಗೆ ಹೂಳಿಸಿದ. ಸತ್ತವನ ಮೇಲೆ ಅಷ್ಟು ದ್ವೇಷ ಯಾಕೆ ಬರಬೇಕು, ನೀವೇ ಹೇಳಿ.

ಅವನ ಬಗ್ಗೆ ಜನ ಹೇಳಿಕೊಂಡು ಬಂದ ಕಥೆಯೊಂದಿದೆ, ನಿಜವೋ ಕಟ್ಟಿದ್ದೋ ಗೊತ್ತಿಲ್ಲ. ಸರಕು ಕಳೆದುಕೊಂಡ ಒಬ್ಬ ವ್ಯಾಪಾರಿ ದೂರು ತಂದನಂತೆ. ‘ಕಳ್ಳ ಬಂದಾಗ ಏನು ಮಾಡುತ್ತಿದ್ದೆ?’ ಎಂದು ಕರೀಂ ಖಾನ್ ಕೇಳಿದ. ‘ಮಲಗಿದ್ದೆ.’ ‘ಯಾಕೆ ಮಲಗಿದ್ದೆ?’ ‘ನೀವು ಎಚ್ಚರವಾಗಿದ್ದೀರಿ ಅಂದುಕೊಂಡು ಮಲಗಿದ್ದೆ.’ ಕರೀಂ ಖಾನ್ ತಲೆ ತಗ್ಗಿಸಿ, ‘ಇವನು ಹೇಳುವುದು ಸರಿ. ಕಾವಲು ನಮ್ಮದಾಗಿತ್ತು. ಕಳೆದದ್ದನ್ನು ನಾವೇ ತುಂಬಿಕೊಡಬೇಕು’ ಎಂದನಂತೆ. ಈ ಒಂದು ದೃಶ್ಯಕ್ಕಾಗಿಯೇ ನಾನು ನಾಟಕ ಬರೆದದ್ದು.

ಬರೆದದ್ದನ್ನು ತೆಗೆದುಕೊಂಡು ಹೋಗಿದ್ದು ಶಿಕಾರಿಪುರಕ್ಕೆ, ಮನ್ಸೂರ್‌ನ ಅಂಗಡಿಗೆ. ನಾಟಕಕ್ಕೆ ಡ್ರೆಸ್ಸು, ಮೀಸೆ, ಗದೆ, ಕಿರೀಟ ಬಾಡಿಗೆಗೆ ಕೊಡುವ ಅಂಗಡಿ ಅದು, ಅಜ್ಜನ ಕಾಲದ್ದು. ಎರಡು ತಾಲ್ಲೂಕಿನ ಯಾವ ಊರಲ್ಲಿ ನಾಟಕವಾದರೂ ರಾಮನ ಕಿರೀಟ, ಕೌರವನ ಕಿರೀಟ ಎರಡೂ ಆ ಮನೆಯಿಂದಲೇ ಹೋಗಬೇಕು. ಹಗುರ ಮರ, ರಟ್ಟು, ಬೇಗಡೆ, ಕನ್ನಡಿ ಚೂರುಗಳ ಕೆಲಸ ಮನ್ಸೂರ್‌ನದು. ಮಣಿ ಪೋಣಿಸುವುದು ಅವನ ತಾಯಿ ಕುಬ್ರಾ ಬೀ, ಎಂಬತ್ತಾದರೂ ಸೂಜಿಗೆ ದಾರ ಅವರೇ ಏರಿಸುತ್ತಾರೆ. ಕುಬ್ರಾ ಬೀಯ ತವರು ನಮ್ಮ ಊರು, ಹಾಗಾಗಿ ಮನ್ಸೂರ್ ಹೈಸ್ಕೂಲು ಓದಿದ್ದು ಅಜ್ಜಿಯ ಮನೆಯಲ್ಲಿದ್ದುಕೊಂಡು, ನನ್ನ ಬಳಿ.

ಕಿರೀಟ ತೊಡಿಸುವ ಕೆಲಸವೂ ಡ್ರೆಸ್ಸಿನವರದೇ. ಪರದೆಯ ಹಿಂದೆ ರಾಜನ ಪಾತ್ರದವನು ಕುರ್ಚಿಯ ಮೇಲೆ ಕೂತಿರುತ್ತಾನೆ. ಕಿರೀಟಕ್ಕೆ ಪೂಜೆಯಾದ ಮೇಲೆ ಮನ್ಸೂರ್ ಅದನ್ನು ಎರಡೂ ಕೈಯಲ್ಲಿ ಎತ್ತಿ ಅವನ ತಲೆಗಿಟ್ಟು ಹಿಂದಿನ ದಾರ ಬಿಗಿಯುತ್ತಾನೆ. ಕುಣಿದರೂ ಬಿದ್ದರೂ ಜಾರದ ಗಂಟು ಅದು. ಮೂವತ್ತು ವರ್ಷಗಳಲ್ಲಿ ಎಷ್ಟು ತಲೆಗಳಿಗೆ ಕಟ್ಟಿದ್ದಾನೋ ಲೆಕ್ಕವಿಲ್ಲ. ತಾನು ಮಾತ್ರ ಒಂದು ದಿನವೂ ಪರದೆಯ ಮುಂದೆ ಬಂದವನಲ್ಲ.

ಅವತ್ತು ಅವನು ಮಣೆಯ ಮೇಲೆ ಕೂತು ನಾಟಕವನ್ನು ಮೊದಲಿಂದ ಕೊನೆಯವರೆಗೆ ಓದಿದ. ಗೋಡೆ ತುಂಬ ಕಿರೀಟಗಳು ತೂಗುತ್ತಿದ್ದವು.

“ಮೇಡಂ, ಈ ರಾಜಂಗೆ ಕಿರೀಟ ಇಲ್ಲೇನ್ರೀ?”

“ಇಲ್ಲ ಕಣೋ. ಸಿಂಹಾಸನವೂ ಇಲ್ಲ. ಜಮಖಾನದ ಮೇಲೆ ಕೂರ್ತಾನೆ.”

ಅವನು ಮೊದಲ ಪುಟಕ್ಕೆ ಹೋಗಿ ಕರೀಂ ಖಾನನ ಮೊದಲ ಮಾತು ಓದಿದ. “ನಾನು ದೊರೆಯಲ್ಲ, ನಿಮ್ಮ ಕೆಲಸದವನು. ಯಾರಿಗೆ ಏನು ಅನ್ಯಾಯವಾಗಿದೆ, ಹತ್ತಿರ ಬಂದು ಹೇಳಿ.” ನಾಟಕದವರ ಅಬ್ಬರ ಅವನ ದನಿಯಲ್ಲಿರಲಿಲ್ಲ, ಅಂಗಡಿಗೆ ಬಂದವರಿಗೆ ಕೂರಲು ಹೇಳುವಂತೆ ಓದಿದ. ನಾನು ಬರೆಯುವಾಗ ಕಿವಿಯಲ್ಲಿ ಕೇಳಿಸಿದ್ದು ಅದೇ ದನಿ.

“ಕಿರೀಟ ಇಲ್ಲ ಅಂದ್ರೆ... ಇದನ್ನ ನಾನು ಮಾಡ್ಲೇನ್ರೀ ಮೇಡಂ?” ಐವತ್ತೊಂದು ವರ್ಷದ ಗಂಡಸು ನೆಲ ನೋಡಿಕೊಂಡು ಕೇಳಿದ.

“ನೀನೇ ಮಾಡ್ಬೇಕು. ಬೇರೆ ಯಾರಿಗೂ ಕೊಡಲ್ಲ. ನಾನು ಮಾತು ಕೊಟ್ಟಿದೀನಿ ಅಂತ ತಿಳ್ಕೋ,” ಅಂದೆ.

ಹೈಸ್ಕೂಲಿಗೆ ಐವತ್ತು ವರ್ಷ ತುಂಬುವ ಸಮಾರಂಭ ಡಿಸೆಂಬರಿನಲ್ಲಿತ್ತು. ಹಳೆಯ ವಿದ್ಯಾರ್ಥಿಗಳೇ ಸೇರಿ ಮಧ್ಯಾಹ್ನ ನನ್ನ ಈ ನಾಟಕ ಆಡುವುದೆಂದು ಮೊದಲೇ ಒಪ್ಪಿಗೆಯಾಗಿತ್ತು. ಸಮಿತಿಯ ಅಧ್ಯಕ್ಷ ಮಹೇಶ್ವರಪ್ಪ. ಶಾಮಿಯಾನ ಅವನದು, ಊಟ ಅವನದು, ಬ್ಯಾನರಿನ ಮೇಲಿನ ದೊಡ್ಡ ಮುಖವೂ ಅವನದೇ. ಸಭೆಗೆ ಹೋದಾಗ ಪಾತ್ರಗಳ ಪಟ್ಟಿ ಆಗಲೇ ಟೈಪಾಗಿತ್ತು. ಕರೀಂ ಖಾನನ ಎದುರಿಗೆ ಹರ್ಷವರ್ಧನ ಎಂದಿತ್ತು. ಹರ್ಷವರ್ಧನ ಮಹೇಶ್ವರಪ್ಪನ ಮಗ, ಇಪ್ಪತ್ತೆರಡು ವರ್ಷ, ಅವನೂ ನನ್ನ ಶಿಷ್ಯ. ವ್ಯಾಪಾರಿಯ ಎದುರಿಗೆ ಮನ್ಸೂರ್ ಎಂದಿತ್ತು. ವ್ಯಾಪಾರಿಗೆ ಇರುವುದು ಮೂರೇ ಮಾತು.

“ಇದೇನು?” ಎಂದು ಕೇಳಿದೆ.

“ನೀವು ಬೇಜಾರು ಮಾಡ್ಕಬಾರ್ದು ಮೇಡಂ,” ಎಂದು ಮಹೇಶ್ವರಪ್ಪ ಕುರ್ಚಿ ಹತ್ತಿರ ಎಳೆದುಕೊಂಡ. “ಕಥೆ ಮೊದ್ಲೇ ಸಾಬರ ರಾಜಂದು. ಅದನ್ನ ಮತ್ತೆ ಸಾಬರೇ ಮಾಡಿದ್ರೆ ಯಾರಾದ್ರೂ ವಿಡಿಯೋ ಮಾಡಿ ಬಿಡ್ತಾರೆ, ಸುಮ್ನೆ ಇಲ್ಲದ ರಗಳೆ. ನಮ್ಮ ಹುಡುಗ ಮಾಡಿದ್ರೆ ಎಲ್ಲಾ ಬ್ಯಾಲೆನ್ಸ್ ಆಗ್ತದೆ. ನಾನೇನು ಜಾತಿ ನೋಡೋನಲ್ಲ, ಮನ್ಸೂರು ನನ್ನ ಕ್ಲಾಸ್‌ಮೇಟು. ಅದಕ್ಕೇ ಅವನಿಗೂ ಒಂದು ಪಾತ್ರ ಇಟ್ಟಿದೀನಲ್ಲ.”

ಬ್ಯಾಲೆನ್ಸ್! ಇವರ ಮನೆಯ ಮಕ್ಕಳು ರಾಮನಾಗುವಾಗ ಆ ಕಿರೀಟ ಯಾರ ಮನೆಯಲ್ಲಿ ತಯಾರಾಯಿತು, ಯಾವ ಮುದುಕಿ ಕಣ್ಣು ಕಿರಿದು ಮಾಡಿಕೊಂಡು ಮಣಿ ಪೋಣಿಸಿದಳು ಎಂದು ಒಬ್ಬನೂ ಕೇಳಿಲ್ಲ. ಆಗ ಯಾವ ತಕ್ಕಡಿಯೂ ಬೇಕಾಗಿರಲಿಲ್ಲ. ಮನ್ಸೂರ್ ಕಿರೀಟ ಕಟ್ಟಬಹುದು, ಜಮಖಾನದ ಮೇಲೆ ಕೂರಬಾರದು. ಸುತ್ತ ಹದಿನಾಲ್ಕು ಜನ ಕೂತಿದ್ದರು, ಒಬ್ಬ ಹಿರಿಯರನ್ನು ಬಿಟ್ಟರೆ ಎಲ್ಲರೂ ನಾನು ಪಾಠ ಹೇಳಿದವರು. ಕೆಲವರು ಮೊಬೈಲು ನೋಡಿಕೊಂಡರು, ಒಬ್ಬ ಮಂಡಕ್ಕಿಯಲ್ಲಿ ಕಡಲೆಬೀಜ ಹುಡುಕುತ್ತಿದ್ದ.

ನಾಟಕ ಕಲಿಸುವ ಹುಚ್ಚರಾಯಪ್ಪ ಮೇಷ್ಟ್ರು ಇನ್ನೊಂದು ಕ್ಯಾತೆ ತೆಗೆದರು. ಹಾರ್ಮೋನಿಯಂ ನುಡಿಸಿಕೊಂಡು ಅರವತ್ತು ವರ್ಷ ನಾಟಕ ಕಲಿಸಿದ ಹಿರಿಯರು, ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. “ಕಿರೀಟ ಇಲ್ದಿದ್ರೆ ಪೂಜೆ ಯಾವ್ದಕ್ಕೆ ಮಾಡ್ಲಿ ರಾಧಮ್ಮೋರೆ? ಪೂಜೆ ಆಗ್ದೆ ನಾನು ಹಾರ್ಮೋನಿಯಂ ಮುಟ್ಟಿದೋನಲ್ಲ. ರಾಜ ಅಂದ್ಮೇಲೆ ಕಿರೀಟ ಇರ್ಲೇಬೇಕು.”

“ಅವನು ಕಿರೀಟ ಬೇಡ ಅಂದೋನು ಮೇಷ್ಟ್ರೇ. ನಾಟಕ ಇರೋದೇ ಅದರ ಮೇಲೆ.”

“ಅವನ್ ಬೇಡ ಅಂದಿರ್ಬೋದು. ಜನಕ್ಕೆ ಬೇಕಲ್ಲ?” ಎಂದು ಮಹೇಶ್ವರಪ್ಪ ನಕ್ಕ. “ಮನ್ಸೂರಿಗೆ ಹೇಳಿದೀನಿ, ಹೊಸಾದು ಮಾಡ್ತಾನೆ, ಮೂರು ಸುತ್ತಿಂದು. ಹಾಂ ಮೇಡಂ, ಅವತ್ತು ಬೆಳಿಗ್ಗೆ ನಿಮಗೆ ಗುರುವಂದನೆ. ಶಾಲು, ಹಾರ, ಎಲ್ಲಾ ವ್ಯವಸ್ಥೆ ಆಗೇತಿ.”

ಆಗ ನಾನು ಎದ್ದು, ನಾಟಕದ ಪ್ರತಿ ಕಂಕುಳಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ನಡೆಯಬೇಕಿತ್ತು. ನಡೆಯಲಿಲ್ಲ. “ನೀವು ಇನ್ನೊಂದ್ಸಲ ಯೋಚನೆ ಮಾಡಿ,” ಎಂದು ಮಾತ್ರ ಹೇಳಿದೆ. ಕಿವಿ ಹಿಂಡಿ ಬುದ್ಧಿ ಕಲಿಸಿದ ಹುಡುಗನಿಗೆ ಯಾವತ್ತಿನಿಂದ ನಾನು ‘ನೀವು’ ಎನ್ನತೊಡಗಿದೆ ಎಂದು ದಾರಿಯುದ್ದಕ್ಕೂ ನೆನಪು ಮಾಡಿಕೊಂಡೆ, ಗೊತ್ತಾಗಲಿಲ್ಲ. ಅರವತ್ತಮೂರಾಯಿತು, ಇದೊಂದು ಸಲವಾದರೂ ನಾಟಕ ರಂಗಕ್ಕೆ ಬರಲಿ, ಮಾತುಗಳಾದರೂ ಜನರ ಕಿವಿಗೆ ಬೀಳಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇಂಥ ಸಮಾಧಾನಗಳಿಗೆ ಬೆಂಕಿ ಬೀಳಲಿ.

ಮುಂದಿನ ವಾರ ಶಿಕಾರಿಪುರಕ್ಕೆ ಹೋದೆ, ಮನ್ಸೂರ್‌ಗೆ ಹೇಗೆ ಹೇಳುವುದೆಂದು ಒದ್ದಾಡಿಕೊಂಡು. ಅವನಿಗೆ ಆಗಲೇ ಗೊತ್ತಿತ್ತು. ಮುಂದೆ ಕಿರೀಟವಿತ್ತು. ಮೂರು ಸುತ್ತು, ತುದಿಯಲ್ಲಿ ಗರಿ, ಅಂಚಿಗೆಲ್ಲ ಕನ್ನಡಿ. ಅಷ್ಟು ಚಂದದ ಕಿರೀಟವನ್ನು ಆ ಅಂಗಡಿಯಲ್ಲಿ ನಾನು ನೋಡಿರಲಿಲ್ಲ. ಕುಬ್ರಾ ಬೀ ಒಳಗಿನಿಂದ ನನ್ನನ್ನು ನೋಡಿ ಮಾತಾಡಿಸದೆ ಮಣಿ ಪೋಣಿಸತೊಡಗಿದರು.

ನನಗೆ ರೇಗಿತು, ಅದೂ ಅವನ ಮೇಲೆ. “ನಿನಗೆ ನಾಚಿಕೆ ಆಗಲ್ವೇನೋ? ಕಿರೀಟ ಬೇಡ ಅಂದವನಿಗೆ ಕಿರೀಟ ಮಾಡಿ ಕೂತಿದೀಯ. ಆಗಲ್ಲ ಅಂತ ಹೇಳಕ್ಕೆ ಬಾಯಿರಲಿಲ್ವಾ?”

“ಕೆಲ್ಸ ಅಲ್ರೀ ಮೇಡಂ. ಆಗಲ್ಲ ಅಂದ್ರೆ ನಾಳಿಂದ ಯಾವೂರಿಗೂ ನನ್ನ ಡ್ರೆಸ್ ಹೋಗಂಗಿಲ್ಲ.” ಅಂಟು ಹಚ್ಚಿದ ಕನ್ನಡಿ ಚೂರನ್ನು ಬೆರಳಲ್ಲಿ ಒತ್ತಿ ಹಿಡಿದುಕೊಂಡೇ ಹೇಳಿದ, “ಮಯೂರವರ್ಮನ ನಾಟಕದಾಗೂ ಹಿಂಗೇ ಆಗಿತ್ತಲ್ರೀ.”

ಮರೆತಿದ್ದೆ. ಇಲ್ಲ, ಸುಳ್ಳು ಯಾಕೆ, ಮರೆತಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಮಯೂರವರ್ಮನ ಕಥೆಯನ್ನು ನಾಟಕ ಮಾಡಿಸಿದ್ದೆ. ಹತ್ತನೇ ಕ್ಲಾಸಿನ ಎಲ್ಲ ಹುಡುಗರಿಂದಲೂ ಮಾತು ಓದಿಸಿದಾಗ ಮೈ ಜುಮ್ಮೆನ್ನುವ ಹಾಗೆ ಓದಿದವನು ಮನ್ಸೂರ್ ಒಬ್ಬನೇ. ಮಯೂರನ ಪಾತ್ರವನ್ನು ನಾನು ಮಹೇಶ್ವರಪ್ಪನಿಗೆ ಕೊಟ್ಟೆ. ಅವನ ತಂದೆ ಶಾಲಾ ಸಮಿತಿಯಲ್ಲಿದ್ದರು, ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮನ್ಸೂರ್‌ಗೆ ಬೆನ್ನು ತಟ್ಟಿ ಹೇಳಿದ್ದೆ: “ನಿಮ್ಮ ಮನೇಲೇ ಡ್ರೆಸ್ ಇದೆಯಲ್ಲ, ನೀನು ಡ್ರೆಸ್ ನೋಡ್ಕೋ.” ಅಂದಿನಿಂದ ಇಂದಿನವರೆಗೆ ಅವನು ಡ್ರೆಸ್ ನೋಡಿಕೊಂಡೇ ಇದ್ದಾನೆ.

“ಆ ಮೂರು ಮಾತು ನಾ ಹೇಳ್ತೀನಿ ಬಿಡ್ರಿ,” ಎಂದ ಮನ್ಸೂರ್. “ಚಾ ಕುಡೀರಿ.”

ಸಮಾರಂಭದ ದಿನ ಬೆಳಿಗ್ಗೆ ನನಗೆ ಶಾಲು ಹೊದಿಸಿದರು. ತಲೆ ಬಗ್ಗಿಸಿ ಹೊದಿಸಿಕೊಂಡೆ. ಮಹೇಶ್ವರಪ್ಪ ನನ್ನ ಕಾಲಿಗೆ ಬಿದ್ದು, ಫೋಟೋದವನು ಸರಿಯಾಗಿ ಬಂದಿಲ್ಲ ಎಂದದ್ದಕ್ಕೆ ಇನ್ನೊಂದು ಸಲ ಬಿದ್ದ. ಊಟವಾದ ಮೇಲೆ ಮೂರು ಗಂಟೆಗೆ ನಾಟಕ. ನನ್ನನ್ನು ಮುಂದಿನ ಸಾಲಿನ ಸೋಫಾದಲ್ಲಿ ಕೂರಿಸಿ ಅವನು ಪಕ್ಕದಲ್ಲಿ ಕೂತ. ಪರದೆಯ ಹಿಂದೆ ಕಾಯಿ ಒಡೆದ ಸದ್ದು, ಮಂಗಳಾರತಿಯ ಗಂಟೆ ಕೇಳಿಸಿತು. ಈಗ ಮನ್ಸೂರ್ ಕಿರೀಟ ಎತ್ತುತ್ತಿರುತ್ತಾನೆ, ಈಗ ದಾರ ಬಿಗಿಯುತ್ತಿರುತ್ತಾನೆ ಎಂದು ಮನಸ್ಸಿನಲ್ಲೇ ಎಣಿಸಿದೆ.

ಪರದೆ ಸರಿಯಿತು. ಸಿಂಹಾಸನವನ್ನೂ ತರಿಸಿದ್ದರು. ಜಮಖಾನವನ್ನು ಅದರ ಕಾಲ ಬಳಿ ಹಾಸಿದ್ದರು, ರಾಜನ ಚಪ್ಪಲಿಗೆ. ಮೂರು ಸುತ್ತಿನ ಕಿರೀಟ ಹೊತ್ತ ಹರ್ಷವರ್ಧನ ಎದೆ ಉಬ್ಬಿಸಿ ಬಂದು ಮೀಸೆ ತಿರುವಿದ. ಜನ ಶಿಳ್ಳೆ ಹೊಡೆದರು. “ನಾನು ದೊರೆಯಲ್ಲಾ!” ಎಂದು ಅವನು ಘರ್ಜಿಸಿದ. “ನಿಮ್ಮ ಕೆಲಸದವನೂ!” ತಲೆಯ ಮೇಲೆ ಕನ್ನಡಿಗಳು ಫಳಫಳ ಹೊಳೆಯುತ್ತಿದ್ದವು. ಇಷ್ಟು ದೊಡ್ಡ ಸುಳ್ಳನ್ನು ಇಷ್ಟು ಜೋರಾಗಿ ಹೇಳಿದರೂ ಒಬ್ಬರೂ ನಗಲಿಲ್ಲ. ಇರಾನಿನಲ್ಲಿ ಮೂಳೆ ತುಳಿದವನೇ ವಾಸಿ, ಅವನು ದ್ವೇಷವನ್ನಾದರೂ ಮುಚ್ಚಿಡಲಿಲ್ಲ. ನಾವು ಕರೀಂ ಖಾನನಿಗೆ ಹಾರ ಹಾಕಿಯೇ ತುಳಿಯುತ್ತಿದ್ದೇವೆ ಎನ್ನಿಸಿತು. ಶಾಲು ಮೈಗೆ ಚುಚ್ಚಿತು.

ಎರಡನೇ ದೃಶ್ಯಕ್ಕೆ ವ್ಯಾಪಾರಿ ಬಂದ. ಬಣ್ಣ ಹಚ್ಚಿಕೊಂಡಿರಲಿಲ್ಲ, ಅಂಗಡಿಯಲ್ಲಿ ತೊಡುವ ಅಂಗಿಯಲ್ಲೇ ಬಂದು, ಸರಕು ಕಳುವಾಯಿತೆಂದು ದೂರು ಹೇಳಿದ.

“ಕಳ್ಳ ಬಂದಾಗ ನೀನು ಏನು ಮಾಡುತ್ತಿದ್ದೆ?” ಎಂದು ಹರ್ಷವರ್ಧನ ಕೂಗಿದ.

“ಮಲಗಿದ್ದೆ.”

“ಯಾಕೆ ಮಲಗಿದ್ದೆ?”

ಮನ್ಸೂರ್ ಸಿಂಹಾಸನಕ್ಕೆ ಬೆನ್ನು ತಿರುಗಿಸಿದ. ಎರಡು ಹೆಜ್ಜೆ ಮುಂದೆ ಬಂದು ಮೊದಲ ಸಾಲನ್ನು ನೋಡಿದ. ನನ್ನನ್ನು ನೋಡಿದ. ಅವನ ದನಿ ಏರಿರಲಿಲ್ಲ, ಮೈಕು ಇಲ್ಲದಿದ್ದರೆ ಹಿಂದಿನವರಿಗೆ ಕೇಳಿಸುತ್ತಲೂ ಇರಲಿಲ್ಲ.

“ನೀವು ಎಚ್ಚರವಾಗಿದ್ದೀರಿ ಅಂದುಕೊಂಡು ಮಲಗಿದ್ದೆ, ಮೇಡಂ.”

ನಾನು ಬರೆದ ಮಾತಿಗೆ ಅವನು ಸೇರಿಸಿದ್ದು ಕೊನೆಯ ಒಂದೇ ಒಂದು ಪದ. ಹರ್ಷವರ್ಧನ ಗಲಿಬಿಲಿಗೊಂಡು ಪರದೆಯ ಬದಿಗೆ ನೋಡಿದ, ಅವನ ಮಾತು ಮರೆತುಹೋಗಿತ್ತು. ಹುಚ್ಚರಾಯಪ್ಪ ಮೇಷ್ಟ್ರು ಹಾರ್ಮೋನಿಯಂ ಮೇಲಿನ ಕೈ ತೆಗೆದರು. “ಡೈಲಾಗ್ ತಪ್ಪಿದ ನೋಡಿ ಮನ್ಸೂರು,” ಎಂದು ಮಹೇಶ್ವರಪ್ಪ ನನ್ನ ಕಿವಿಯ ಹತ್ತಿರ ಬಂದು ನಕ್ಕ.

“ಬಾಯಿ ಮುಚ್ಚು ಮಹೇಶ,” ಎಂದೆ. ಎದ್ದು ನಿಂತೆ. ಮುಂದಿನ ಮಾತು ರಾಜನದು, ಬರೆದವಳು ನಾನು, ನನಗೆ ಮರೆಯುವ ಹಾಗಿರಲಿಲ್ಲ.

“ಇವನು ಹೇಳುವುದು ಸರಿ. ಕಾವಲು ನಮ್ಮದಾಗಿತ್ತು. ಕಳೆದದ್ದನ್ನು ನಾವೇ ತುಂಬಿಕೊಡಬೇಕು.”

ನಾಟಕದಲ್ಲಿ ಇದೂ ಇದೆ ಎಂದುಕೊಂಡು ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಶಾಲನ್ನು ಸೋಫಾದ ಮೇಲೆ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲು ಹತ್ತಿದೆ. ಹಿಂದೆ ಮಹೇಶ್ವರಪ್ಪ “ಪರದೆ ಎಳೀರೋ” ಎನ್ನುತ್ತಿದ್ದ. ಪರದೆಯ ಹಗ್ಗ ಹಿಡಿದಿದ್ದವನೂ ನನ್ನ ಶಿಷ್ಯ, ನನ್ನ ಮುಖ ನೋಡಿ ಹಗ್ಗ ಬಿಟ್ಟ.

“ತಲೆ ಬಗ್ಗಿಸೋ ಹರ್ಷ,” ಅಂದೆ. ಪಾಪ, ಹುಡುಗ ಕ್ಲಾಸಿನಲ್ಲಿ ಬಗ್ಗಿಸಿದ ಹಾಗೆಯೇ ಬಗ್ಗಿಸಿದ. ಕಿರೀಟದ ದಾರ ಬಿಚ್ಚಲು ನೋಡಿದೆ. ಆ ಗಂಟು ಎಳೆದಷ್ಟೂ ಬಿಗಿಯಿತು. ಉಗುರು ಮುರಿಯಿತು, ಗಂಟು ಬಿಚ್ಚಲಿಲ್ಲ. ಆಗ ಮನ್ಸೂರ್ ಹತ್ತಿರ ಬಂದು ಎರಡು ಬೆರಳಲ್ಲಿ ಒಂದು ಎಳೆ ಜಗ್ಗಿದ, ಕಿರೀಟ ಸಡಿಲವಾಗಿ ನನ್ನ ಕೈಗೆ ಬಂತು. ಹರ್ಷವರ್ಧನ ಬೆವರು ಒರೆಸಿಕೊಂಡು ಬದಿಗೆ ಸರಿದ. ಅವನ ಮುಖದಲ್ಲಿ ಬೇಸರಕ್ಕಿಂತ ಬಿಡುಗಡೆಯೇ ಹೆಚ್ಚು ಕಂಡಿತು.

ನಾನು ಜಮಖಾನವನ್ನು ಸಿಂಹಾಸನದ ಬುಡದಿಂದ ಎಳೆದು ರಂಗದ ನಡುವೆ ಹಾಸಿದೆ. “ಕೂತ್ಕೋ ಮನ್ಸೂರ್. ಮೊದಲಿಂದ ಶುರು ಮಾಡು.”

ಅವನು ಸ್ವಲ್ಪ ಹೊತ್ತು ಕೂರಲಿಲ್ಲ. ಮಯೂರವರ್ಮನ ನಾಟಕದಿಂದ ಇಲ್ಲಿಗೆ ಮೂವತ್ತಾರು ವರ್ಷ. ಅಷ್ಟನ್ನು ಒಂದು ಜಮಖಾನ ಹಾಸಿ ತುಂಬಿಕೊಡುತ್ತೇನೆ ಎಂದುಕೊಂಡಿದ್ದೆ, ಕಿರೀಟ ಇನ್ನೂ ನನ್ನ ಕೈಯಲ್ಲೇ ಇತ್ತು. ಕೊನೆಗೆ ಅವನು ಚಪ್ಪಲಿ ಕಳಚಿಟ್ಟು ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

“ನಾನು ದೊರೆಯಲ್ಲ, ನಿಮ್ಮ ಕೆಲಸದವನು,” ಎಂದ, ಅವತ್ತು ಅಂಗಡಿಯಲ್ಲಿ ಓದಿದ ಅದೇ ದನಿಯಲ್ಲಿ. “ಯಾರಿಗೆ ಏನು ಅನ್ಯಾಯವಾಗಿದೆ, ಹತ್ತಿರ ಬಂದು ಹೇಳಿ.”

ಹತ್ತಿರ ನಿಂತಿದ್ದವಳು ನಾನೊಬ್ಬಳೇ. ಅವನು ಮುಖವೆತ್ತಿ ನನ್ನ ಮಾತಿಗಾಗಿ ಕಾದ. ಅನ್ಯಾಯ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಮಾಡಿದವರು ಯಾರೆಂದೂ ಗೊತ್ತಿತ್ತು. ಮೂವತ್ತಮೂರು ವರ್ಷ ಪಾಠ ಹೇಳಿದ ಬಾಯಿಂದ ಒಂದು ಮಾತೂ ಹೊರಡಲಿಲ್ಲ.